ಕೂಸಿನ ಬಟ್ಟೆಗೆ ಸಿಕ್ಕಿಸುವ ಗಿಲಕಿ, ಗೆಜ್ಜೆ, ಪೀಪಿ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ಸಣ್ಣ ಕೂಸುಗಳ ಬಟ್ಟೆ ಹೊಲಿಯುವುದು ನನ್ನ ಕೆಲಸ. ಜಬಲಾ, ಕುಲಾವಿ, ಕುಂಚಿಗೆ, ಬಿಬ್, ಕಾಲುಚೀಲ ಎಲ್ಲ ಹೊಲಿಯುತ್ತೇನೆ. ಬಟ್ಟೆಗೆ ಸಿಕ್ಕಿಸಿ, ಬೇಡವಾದಾಗ ತೆಗೆದಿಡುವಂಥ ಗಿಲಕಿ ಗೊಂಬೆಗಳಿರುವ ಬಟ್ಟೆ ಕೇಳಿಕೊಂಡು ಬರುವವರು ಈಗ ಹೆಚ್ಚಾಗಿದ್ದಾರೆ. ಅವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಅಂಗಡಿಯಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ. ಅದಕ್ಕೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಈ ತರಹದ ಬಟ್ಟೆ ಎಂದರೆ ಸರಿಯಾಗಿ ಏನು?

ಮುಂಗೈಗೆ ಕಟ್ಟುವ ಪಟ್ಟಿಯ ಮೇಲೊಂದು ಗಿಲಕಿ, ಕಾಲುಚೀಲದ ತುದಿಗೊಂದು ಜೇನುಹುಳದ ಗೊಂಬೆ, ಜಬಲಾದ ಹೊಟ್ಟೆಯ ಹತ್ತಿರ ಅದುಮಿದರೆ ಪೀಂ ಎನ್ನುವ ಆನೆ, ಬಿಬ್‌ನ ಅಂಚಿಗೆ ಮುಟ್ಟಿದರೆ ಚರಚರ ಎನ್ನುವ ಎಲೆ. ಇವೆಲ್ಲ ಇದೇ ಜಾತಿಯವು. ಗೊಂಬೆಯನ್ನು ಟಿಚ್ ಬಟನ್ನಿನಿಂದಲೋ ವೆಲ್ಕ್ರೋದಿಂದಲೋ ಬಟ್ಟೆಗೆ ಕೂಡಿಸಿರುತ್ತಾರೆ. ಒಗೆಯುವಾಗ, ಮಲಗಿಸುವಾಗ ತೆಗೆಯಬಹುದು.

ಒಳಗೆ ಸದ್ದು ಮಾಡುವ ವಸ್ತು ಸಾಮಾನ್ಯವಾಗಿ ಮೂರು ಬಗೆಯದು. ಗಿಲಕಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಸಣ್ಣ ಗುಂಡುಗಳಿರುತ್ತವೆ. ಪೀಪಿಯಲ್ಲಿ ಗಾಳಿಯ ಚೀಲ, ಅದರ ಬಾಯಿಗೆ ಪುಟ್ಟದೊಂದು ಸೀಟಿ. ಚರಚರ ಎನ್ನುವುದರಲ್ಲಿ ಬಟ್ಟೆಯ ನಡುವೆ ತೆಳು ಪ್ಲಾಸ್ಟಿಕ್ ಹಾಳೆ. ಗೆಜ್ಜೆಯನ್ನು ನಾನು ಹೇಳಬೇಕಾಗಿಲ್ಲ, ಅದು ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದೆ.

ಎಷ್ಟು ತಿಂಗಳ ಮಗುವಿಗೆ ಹಾಕಬಹುದು?

ಮೊದಲ ಎರಡು ತಿಂಗಳು ಬೇಡವೇ ಬೇಡ. ಆಗ ಕೈಕಾಲು ತಮ್ಮಷ್ಟಕ್ಕೆ ಅಲುಗುತ್ತವೆ, ಫಕ್ಕನೆ ಸದ್ದಾದರೆ ಕೂಸು ಬೆಚ್ಚಿ ಎರಡೂ ಕೈ ಚಾಚುತ್ತದೆ, ಅಳುತ್ತದೆ. ಎರಡು ಮೂರು ತಿಂಗಳಿಗೆ ತನ್ನ ಕೈಯನ್ನೇ ಮುಖದ ಮುಂದೆ ತಂದು ನೋಡಲು ಶುರುಮಾಡುತ್ತದೆ. ಮುಂಗೈ ಗಿಲಕಿಗೆ ಆಗ ಹೊತ್ತು ಬಂತು. ನಾಲ್ಕೈದು ತಿಂಗಳಿಗೆ ಕಾಲನ್ನು ಎತ್ತಿ ಹಿಡಿಯುತ್ತದೆ, ಆಗ ಕಾಲುಚೀಲದ್ದು. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಹುಟ್ಟಿದ ದಿನದಿಂದಲ್ಲ, ಡಾಕ್ಟರು ಹೆರಿಗೆಗೆ ಕೊಟ್ಟಿದ್ದ ದಿನದಿಂದ ತಿಂಗಳು ಎಣಿಸಿ.

ಅಂಬೆಗಾಲಿಡಲು ಶುರುವಾದ ಮೇಲೆ ಇವುಗಳ ಕೆಲಸ ಬಹುಮಟ್ಟಿಗೆ ಮುಗಿಯಿತು. ಕಾಲಿನಲ್ಲಿ ಗೊಂಬೆಯಿದ್ದರೆ ತೆವಳುವುದಕ್ಕೆ ತೊಡಕು. ಅಷ್ಟೊತ್ತಿಗೆ ಬೆರಳುಗಳಲ್ಲಿ ಕೀಳುವ ಶಕ್ತಿಯೂ ಬಂದಿರುತ್ತದೆ, ಬಾಯಲ್ಲಿ ಒಂದೆರಡು ಹಲ್ಲೂ ಮೂಡಿರುತ್ತವೆ. ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಎನ್ನುವ ಹಾಗೆ ಐದು ತಿಂಗಳ ಬಸುರಿಯರು ಇವನ್ನು ಡಜನ್ ಲೆಕ್ಕದಲ್ಲಿ ಕೇಳುತ್ತಾರೆ. ಒಂದು ಜೊತೆ ಸಾಕು ಎಂದೇ ನಾನು ಹೇಳುತ್ತೇನೆ. ಬಳಸುವ ಕಾಲ ನಾಲ್ಕೈದು ತಿಂಗಳು ಮಾತ್ರ.

ಇದರಿಂದ ಮಗುವಿಗೆ ನಿಜವಾಗಿ ಏನಾದರೂ ಉಪಯೋಗ ಉಂಟೋ, ಬರೀ ಚಂದಕ್ಕೋ?

ಉಂಟು. ಆದರೆ ಪೊಟ್ಟಣದ ಮೇಲೆ ಬರೆದಿರುವ ‘ಬುದ್ಧಿ ಚುರುಕಾಗುತ್ತದೆ’ ಎಂಬ ಮಾತನ್ನು ನಂಬಬೇಡಿ. ಉಪಯೋಗ ಬೇರೆಯದು, ನನಗೆ ಅದು ಇನ್ನೂ ದೊಡ್ಡದಾಗಿ ಕಾಣುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರೊಲಿನ್ ರೋವಿ-ಕೋಲಿಯರ್ 1960ರ ದಶಕದಲ್ಲಿ ತಮ್ಮ ಕೂಸಿನ ಕಾಲಿಗೆ ರಿಬ್ಬನ್ ಕಟ್ಟಿ, ಅದರ ಇನ್ನೊಂದು ತುದಿಯನ್ನು ತೊಟ್ಟಿಲ ಮೇಲೆ ತೂಗುವ ಗೊಂಬೆಗಳಿಗೆ ಕಟ್ಟಿದರು. ಕಾಲು ಒದ್ದರೆ ಗೊಂಬೆ ಕುಣಿಯುತ್ತದೆ. ಕೂಸು ಕೆಲವೇ ನಿಮಿಷಗಳಲ್ಲಿ ಅದನ್ನು ಕಂಡುಕೊಂಡು ಜೋರಾಗಿ ಒದೆಯಲು ಶುರುಮಾಡಿತು. ಮುಂದೆ ಇದನ್ನೇ ಅವರು ಅನೇಕ ಮಕ್ಕಳ ಮೇಲೆ ಕ್ರಮಬದ್ಧವಾಗಿ ಮಾಡಿದರು. ರಿಬ್ಬನ್ ಬಿಚ್ಚಿ, ಕೆಲವು ದಿನ ಬಿಟ್ಟು, ಅದೇ ಗೊಂಬೆಗಳ ಕೆಳಗೆ ಮಲಗಿಸಿದರೆ ಎರಡು ತಿಂಗಳ ಮಗು ಒಂದೆರಡು ದಿನದವರೆಗೆ, ಮೂರು ತಿಂಗಳ ಮಗು ಸುಮಾರು ಒಂದು ವಾರದವರೆಗೆ, ಆರು ತಿಂಗಳದ್ದು ಸುಮಾರು ಎರಡು ವಾರದವರೆಗೆ ಒದೆಯುವುದನ್ನು ನೆನಪಿಟ್ಟಿತ್ತು. ಅಷ್ಟು ಸಣ್ಣ ಮಕ್ಕಳಿಗೆ ನೆನಪೇ ನಿಲ್ಲುವುದಿಲ್ಲ ಎಂದು ದೊಡ್ಡ ದೊಡ್ಡವರು ನಂಬಿದ್ದ ಕಾಲ ಅದು.

ಕೈ ಅಲ್ಲಾಡಿಸಿದರೆ ಸದ್ದು, ನಿಲ್ಲಿಸಿದರೆ ಇಲ್ಲ. ‘ನಾನು ಮಾಡಿದ್ದರಿಂದ ಇದಾಯಿತು’ ಎಂಬುದನ್ನು ಮಗು ತನ್ನ ಮೈಯಿಂದಲೇ ತಿಳಿಯುವ ಆಟ ಇದು. ಬಟ್ಟೆಗೆ ಸಿಕ್ಕಿಸಿದ ಗಿಲಕಿ ಕೈಜಾರಿ ಬೀಳುವುದಿಲ್ಲ, ಆದ್ದರಿಂದ ಹಿಡಿತ ಇನ್ನೂ ಬಾರದ ಕೂಸಿಗೂ ಈ ಆಟ ಸಿಗುತ್ತದೆ. ಇದರಲ್ಲೇ ಇನ್ನೊಂದು ಮಾತೂ ಅಡಗಿದೆ. ಆ ಪ್ರಯೋಗಗಳಲ್ಲಿ ಗೊಂಬೆಗಳನ್ನು ಬದಲಿಸಿದರೆ ಎರಡು ಮೂರು ತಿಂಗಳ ಕೂಸುಗಳು ಗುರುತು ಹಿಡಿಯುತ್ತಿರಲಿಲ್ಲ. ಹಾಗಾಗಿ ದಿನಕ್ಕೊಂದು ಹೊಸ ಗೊಂಬೆ ಸಿಕ್ಕಿಸಬೇಡಿ. ಒಂದನ್ನೇ ವಾರಗಟ್ಟಲೆ ಇಡಿ, ಮಗುವಿಗೆ ಅದು ತನ್ನದಾಗಲಿ.

ಹತ್ತು ಹದಿನೈದು ನಿಮಿಷದ ಆಟ ಒಂದು ಸಲಕ್ಕೆ ಸಾಕು. ಮಗು ಮುಖ ತಿರುಗಿಸಿದರೆ, ಕಣ್ಣು ಉಜ್ಜಿಕೊಂಡರೆ, ಮೈ ಬಿಗಿ ಮಾಡಿದರೆ ತೆಗೆದುಬಿಡಿ.

ಕಳಚುವ ಹಾಗಿದ್ದರೆ ಮಗುವೇ ಕಿತ್ತು ಬಾಯಿಗೆ ಹಾಕಿಕೊಳ್ಳುವುದಿಲ್ಲವೇ?

ಹಾಕಿಕೊಳ್ಳುತ್ತದೆ. ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು ಇದೇ: ಕಳಚುವ ಆಟಿಕೆಯನ್ನು ಕೊಳ್ಳುವಾಗಲೇ ಅದು ಕಳಚಿ ಮಗುವಿನ ಬಾಯೊಳಗೆ ಹೋಗಿದೆ ಎಂದುಕೊಂಡು ನೋಡಿ. ಬಟ್ಟೆಗೆ ಎಷ್ಟು ಭದ್ರವಾಗಿ ಕೂತಿದೆ ಎಂಬುದು ಎರಡನೆಯ ಮಾತು. ಒಗೆದು ಒಗೆದು ಟಿಚ್ ಬಟನ್ ಸಡಿಲಾಗುತ್ತದೆ, ವೆಲ್ಕ್ರೋಗೆ ನೂಲು ತುಂಬಿಕೊಳ್ಳುತ್ತದೆ, ಅವಸರದಲ್ಲಿ ಯಾರೋ ಅರ್ಧ ಸಿಕ್ಕಿಸಿರುತ್ತಾರೆ. ಭದ್ರತೆ ಒಂದು ದಿನ ಕೈಕೊಟ್ಟೇ ಕೊಡುತ್ತದೆ. ಅವತ್ತು ಕೂಸಿನ ಕೈಗೆ ಸಿಗುವ ವಸ್ತು ಗಂಟಲಿಗೆ ಇಳಿಯದಷ್ಟು ದೊಡ್ಡದಾಗಿರಬೇಕು, ಕಚ್ಚಿದರೆ ಬಿಚ್ಚಿಕೊಳ್ಳದಂತೆ ಹೊಲಿದಿರಬೇಕು.

ಸುಲಭವಾಗಿ ಬಿಟ್ಟುಕೊಳ್ಳುವುದರಲ್ಲಿ ಒಂದು ಒಳ್ಳೆಯದೂ ಇದೆ. ಗೊಂಬೆ ತೊಟ್ಟಿಲ ಸರಳಿಗೋ ಮಂಚದ ಸಂದಿಗೋ ಸಿಕ್ಕಿಕೊಂಡಾಗ ಬಟನ್ ಬಿಟ್ಟುಕೊಟ್ಟರೆ ಮಗುವಿನ ಕೈ ಉಳಿಯುತ್ತದೆ. ಆದ್ದರಿಂದ ಬಟನ್ನನ್ನು ಉಕ್ಕಿನಂತೆ ಬಿಗಿ ಮಾಡಿ ಕೊಡಿ ಎಂದು ಕೇಳಿದವರಿಗೆ ನಾನು ಒಪ್ಪುವುದಿಲ್ಲ. ಗೊಂಬೆ ದೊಡ್ಡದಿರಲಿ, ಗಟ್ಟಿಯಿರಲಿ. ಬಟನ್ ಹದವಾಗಿರಲಿ.

ಎಷ್ಟು ದೊಡ್ಡದಿದ್ದರೆ ಸಾಕು? ಮನೆಯಲ್ಲಿ ಅಳೆಯುವುದು ಹೇಗೆ?

ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗೆ ಪ್ರಯೋಗಾಲಯಗಳಲ್ಲಿ ಒಂದು ಪುಟ್ಟ ಕೊಳವೆ ಬಳಸುತ್ತಾರೆ. ಅದರ ಬಾಯಿಯ ಅಗಲ 31.7 ಮಿಲಿಮೀಟರ್. ಒಳಗಿನ ಆಳ ಓರೆಯಾಗಿದ್ದು, ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿಲಿಮೀಟರ್. ಆಟಿಕೆಯಾಗಲಿ ಅದರಿಂದ ಮುರಿದು ಬಿದ್ದ ಚೂರಾಗಲಿ ಒತ್ತದೆಯೇ ಆ ಕೊಳವೆಯೊಳಗೆ ಪೂರ್ತಿ ಇಳಿದರೆ ಅದು ಮಗುವಿಗೆ ಕೊಡತಕ್ಕದ್ದಲ್ಲ.

ಗಿಲಕಿಗೆ ಇನ್ನೂ ಒಂದು ಪರೀಕ್ಷೆ ಉಂಟು. 50 ಮಿಲಿಮೀಟರ್ ಉದ್ದ, 35 ಮಿಲಿಮೀಟರ್ ಅಗಲದ ಮೊಟ್ಟೆಯಾಕಾರದ ತೂತಿರುವ ಒಂದು ಅಚ್ಚು, ಅದರ ದಪ್ಪ 30 ಮಿಲಿಮೀಟರ್. ಗಿಲಕಿಯ ಯಾವ ತುದಿಯೂ ಅದನ್ನು ದಾಟಿ ಆಚೆ ಬರಬಾರದು. ತೆಳು ಹಿಡಿಕೆಯ ಗಿಲಕಿ ಇಟ್ಟುಕೊಂಡು ಮಗು ಬೋರಲು ಬಿದ್ದರೆ ಹಿಡಿಕೆ ಗಂಟಲಿಗೆ ತಿವಿಯುತ್ತದಲ್ಲ, ಅದಕ್ಕೆ ಈ ಅಳತೆ.

ಮನೆಯಲ್ಲಿ ಅಂದಾಜಿಗೆ ಹತ್ತು ರೂಪಾಯಿಯ ನಾಣ್ಯ ತೆಗೆದುಕೊಳ್ಳಿ. ಅದರ ಅಗಲ 27 ಮಿಲಿಮೀಟರ್, ಅಂದರೆ ಆ ಕೊಳವೆಗೆ ಆರಾಮಾಗಿ ಇಳಿಯುವಂಥದ್ದು. ಆ ನಾಣ್ಯದಷ್ಟಿರುವ, ಅದಕ್ಕಿಂತ ತುಸು ದೊಡ್ಡದಿರುವ ಗೊಂಬೆ, ಗೆಜ್ಜೆ, ಗುಂಡಿ ಯಾವುದೂ ಬೇಡ. ನಾನು ಹೊಲಿಯುವ ಗೊಂಬೆ ಯಾವ ಕಡೆಯಿಂದ ಅಳೆದರೂ ಆರು ಸೆಂಟಿಮೀಟರಿಗೆ ಕಡಿಮೆಯಿರುವುದಿಲ್ಲ. ಕಣ್ಣಿಗೆ ಮಣಿ, ಪ್ಲಾಸ್ಟಿಕ್ ಗುಂಡಿ ಹಾಕುವುದಿಲ್ಲ. ನೂಲಿನಲ್ಲೇ ಕಸೂತಿ ಮಾಡುತ್ತೇನೆ.

ಟಿಚ್ ಬಟನ್, ವೆಲ್ಕ್ರೋ, ಲಾಡಿ, ಪಿನ್ನು: ಯಾವುದು ಒಳ್ಳೆಯದು?

ಪಿನ್ನು ಮೊದಲೇ ಹೊರಗೆ. ಬೀಗದ ಪಿನ್ನಾದರೂ ಅಷ್ಟೆ. ಲಾಡಿಯೂ ಬೇಡ, ಉದ್ದ ದಾರ ಬೆರಳಿಗೆ ಸುತ್ತಿಕೊಳ್ಳುತ್ತದೆ, ಕುತ್ತಿಗೆಗೆ ಬಂದರೆ ಹೇಳುವುದೇ ಬೇಡ. ವೆಲ್ಕ್ರೋ ಅಗಲವಾಗಿದ್ದರೆ ಮುಂಗೈ ಪಟ್ಟಿಗೆ ಸರಿ, ಆದರೆ ಅದರ ಒರಟು ಮುಖ ಚರ್ಮಕ್ಕೆ ತಾಗಿದರೆ ಕೆಂಪಗೆ ಗಂದೆ ಏಳುತ್ತದೆ. ಜಬಲಾ ಮತ್ತು ಬಿಬ್‌ಗೆ ನನ್ನ ಆಯ್ಕೆ ಟಿಚ್ ಬಟನ್ನಿನ ಕುಣಿಕೆ.

ಮನೆಯಲ್ಲಿ ಹೊಲಿಯುವವರು ತುಂಬ ಜನ ಕೇಳುವುದರಿಂದ ಕ್ರಮವನ್ನು ಹೇಳಿಬಿಡುತ್ತೇನೆ. ಎರಡು ಸೆಂಟಿಮೀಟರ್ ಅಗಲದ ಹತ್ತಿ ಪಟ್ಟಿ ತೆಗೆದುಕೊಳ್ಳಿ. ಮಡಿಸಿದ ಮೇಲೆ ಕುಣಿಕೆ ನಿಮ್ಮ ನಾಲ್ಕು ಬೆರಳಿನ ಅಗಲಕ್ಕಿಂತ ಉದ್ದ ಇರಬಾರದು. ಜಬಲಾದ ಬಟ್ಟೆ ತೆಳು, ಬಟನ್ ಜಗ್ಗಿದರೆ ಹರಿಯುತ್ತದೆ. ಆದ್ದರಿಂದ ಒಳಗಡೆಯಿಂದ ದಪ್ಪ ಬಟ್ಟೆಯ ಒಂದು ಚೌಕ ಇಟ್ಟು, ಅದರ ನಾಲ್ಕೂ ಅಂಚು ಒಳಮಡಿಚಿ ಹೊಲಿಯಿರಿ. ಕುಣಿಕೆಯ ಬುಡವನ್ನು ಚೌಕದ ಮೇಲೆ ಇಟ್ಟು ಮೊದಲು ಸುತ್ತ ಹೊಲಿಗೆ, ಆಮೇಲೆ ಮೂಲೆಯಿಂದ ಮೂಲೆಗೆ ಅಡ್ಡ ಹೊಲಿಗೆ. ಬಟನ್ನನ್ನು ಕೈಯಲ್ಲಿ ಹೊಲಿಯುವ ಬದಲು ಒತ್ತುಯಂತ್ರದಲ್ಲಿ ಕೂರಿಸಿಕೊಳ್ಳಿ. ಹೊಲಿದ ಬಟನ್ನಿನ ನೂಲು ತಿಕ್ಕಿ ತಿಕ್ಕಿ ಕಡಿಯುತ್ತದೆ, ಒತ್ತಿದ್ದು ಬಟ್ಟೆಯನ್ನೇ ಕಚ್ಚಿಕೊಂಡಿರುತ್ತದೆ.

ಗೊಂಬೆಯೊಳಗೆ ಗಿಲಕಿ ಡಬ್ಬಿಯನ್ನು ನೇರವಾಗಿ ಹತ್ತಿಯ ನಡುವೆ ತುರುಕಬೇಡಿ. ಅದಕ್ಕೇ ಬೇರೆ ಒಂದು ಸಣ್ಣ ಗಟ್ಟಿ ಚೀಲ ಹೊಲಿದು, ಅದರಲ್ಲಿಟ್ಟು ಮುಚ್ಚಿ, ಆಮೇಲೆ ಗೊಂಬೆಯೊಳಗೆ ಇಡಿ. ಹೊರಗಿನ ಹೊಲಿಗೆ ಬಿಟ್ಟರೂ ಡಬ್ಬಿ ಈಚೆ ಬರುವುದಿಲ್ಲ. ಮುಗಿದ ಮೇಲೆ ಎಳೆದು ನೋಡಿ. ಆಟಿಕೆಯ ಹೊಲಿಗೆ, ಭಾಗಗಳನ್ನು ಪ್ರಯೋಗಾಲಯದಲ್ಲಿ 70 ನ್ಯೂಟನ್ ಬಲದಿಂದ ಜಗ್ಗುತ್ತಾರೆ. ಏಳು ಲೀಟರ್ ನೀರಿರುವ ಬಕೆಟ್ಟು ನೇತುಹಾಕಿದರೆ ಹೆಚ್ಚುಕಡಿಮೆ ಅಷ್ಟೇ ಆಯಿತು. ಗೊಂಬೆಯ ಕಿವಿಗೆ ಬಕೆಟ್ಟನ್ನು ಗಟ್ಟಿಯಾಗಿ ಕಟ್ಟಿ, ಹತ್ತು ಎಣಿಸುವಷ್ಟು ಹೊತ್ತು ಬಿಡಿ. ಕಿವಿ ಉಳಿದರೆ ಗೊಂಬೆ ಮಗುವಿನ ಕೈಗೆ ಹೋಗಲಿ.

ಬಟ್ಟೆಯ ಯಾವ ಜಾಗದಲ್ಲಿ ಇರಬೇಕು?

ಮುಂಗೈ, ಕಾಲು, ಹೊಟ್ಟೆಯ ಮುಂಭಾಗ. ಇಷ್ಟೇ. ಕುಲಾವಿಗೆ, ಕುಂಚಿಗೆಯ ತುದಿಗೆ ಗೆಜ್ಜೆ ಕಟ್ಟಿಸುವ ರೂಢಿ ನಮ್ಮ ಕಡೆ ಇದೆ, ಗುಳೇದಗುಡ್ಡದ ಖಣದ ಕುಂಚಿಗೆಗೆ ಅದು ಎಷ್ಟು ಒಪ್ಪುತ್ತದೆ ಎಂಬುದು ನನಗೂ ಗೊತ್ತು. ಆದರೂ ನಾನು ಕುಲಾವಿಗೆ ಗೆಜ್ಜೆ ಹಾಕಿಕೊಡುವುದಿಲ್ಲ. ಸದ್ದು ಕಿವಿಯ ಬುಡದಲ್ಲೇ ಆಗುತ್ತದೆ, ಗೆಜ್ಜೆ ಬಾಯಿಗೂ ಹತ್ತಿರ. ಬೇಕೆಂದವರಿಗೆ ಅದೇ ಜಾಗದಲ್ಲಿ ರೇಷ್ಮೆ ನೂಲಿನ ಗೊಂಡೆ ಬಿಗಿಯಾಗಿ ಹೊಲಿದು ಕೊಡುತ್ತೇನೆ. ಬೆನ್ನಿನ ಮೇಲೂ ಬೇಡ, ಕೂಸು ಅದರ ಮೇಲೇ ಮಲಗುತ್ತದೆ. ಕುತ್ತಿಗೆ, ಹೆಗಲು ಬೇಡ.

ತೂಕವನ್ನೂ ನೋಡಿ. ಮುಂಗೈ ಗಿಲಕಿ ಭಾರವಿದ್ದರೆ ಕೂಸು ತನ್ನ ಮುಖಕ್ಕೆ ತಾನೇ ಹೊಡೆದುಕೊಳ್ಳುತ್ತದೆ.

ಸದ್ದು ಜೋರಾದರೆ ಕಿವಿಗೆ ಪೆಟ್ಟೇ?

ಹೌದು. ದೊಡ್ಡವರು ದಿನಕ್ಕೆ 8 ಗಂಟೆ ಕೇಳಬಹುದಾದ ಸದ್ದಿನ ಮಿತಿ 85 ಡೆಸಿಬಲ್ ಎಂದು ಕೆಲಸದ ಜಾಗಗಳ ಮಟ್ಟಿಗೆ ತಜ್ಞರು ಹೇಳುತ್ತಾರೆ. ಕೂಸಿನ ಕಿವಿಯ ಕಾಲುವೆ ಚಿಕ್ಕದು, ಕೀರಲು ಸದ್ದು ಅದರೊಳಗೆ ಇನ್ನಷ್ಟು ಜೋರಾಗುತ್ತದೆ. ದೂರದ ಲೆಕ್ಕವನ್ನೂ ಮರೆಯಬಾರದು: ಸದ್ದಿನ ಮೂಲ ಅರ್ಧ ದೂರಕ್ಕೆ ಬಂದರೆ ಸುಮಾರು 6 ಡೆಸಿಬಲ್ ಏರುತ್ತದೆ. ಅಂಗಡಿಯವರು ಕೈಚಾಚಿ ಅಲ್ಲಾಡಿಸಿ ತೋರಿಸುವ ಗಿಲಕಿ, ಮಗುವಿನ ಮುಂಗೈಯಲ್ಲಿ ಕಿವಿಯಿಂದ ಒಂದು ಗೇಣೂ ದೂರವಿರುವುದಿಲ್ಲ.

ಕೊಳ್ಳುವ ಮುಂಚೆ ನಿಮ್ಮ ಕಿವಿಯ ಹತ್ತಿರವೇ ಹಿಡಿದು ಅಲ್ಲಾಡಿಸಿ. ಅದರ ನಡುವೆ ಪಕ್ಕದವರು ಮೆಲ್ಲಗೆ ಆಡಿದ ಮಾತು ಕೇಳಿಸಿದರೆ ತೆಗೆದುಕೊಳ್ಳಿ. ಪೀಪಿಗಳಲ್ಲಿ ಅರ್ಧಕ್ಕರ್ಧ ಈ ಪರೀಕ್ಷೆಯಲ್ಲೇ ಬಿದ್ದುಹೋಗುತ್ತವೆ.

ನಾಮಕರಣಕ್ಕೆ ತವರಿನವರು ಬೆಳ್ಳಿ ಕಾಲ್ಗೆಜ್ಜೆ ತಂದಿದ್ದಾರೆ. ಅದನ್ನೂ ಹಾಕಬಾರದೆಂದರೆ ಮನೆಯಲ್ಲಿ ಏನು ಹೇಳಲಿ?

ಈ ಪ್ರಶ್ನೆ ಕೇಳುವಾಗ ಹುಡುಗಿಯರ ದನಿ ಸಣ್ಣಗಾಗುತ್ತದೆ. ಗೆಜ್ಜೆ ತಂದ ಅಜ್ಜಿಯ ಆಸೆ ಸಣ್ಣದಲ್ಲ. ಅಂಬೆಗಾಲಿಡುವ ಕೂಸು ಅಡುಗೆಮನೆಗೆ ಹೋಯಿತೋ ಹಿತ್ತಲಿಗೆ ಹೋಯಿತೋ ಎಂದು ಗೆಜ್ಜೆಯ ಸದ್ದಿನಿಂದಲೇ ತಿಳಿಯುತ್ತಿದ್ದ ಕಾಲದವರು ಅವರು. ಗೆಜ್ಜೆಗೆ ಆಗ ಕೆಲಸವಿತ್ತು.

ತೊಡಕು ಎಲ್ಲಿದೆ ಎಂದರೆ, ಐದಾರು ತಿಂಗಳ ಕೂಸು ಕಾಲ ಹೆಬ್ಬೆರಳನ್ನು ಬಾಯಿಗೆ ಎಳೆದುಕೊಳ್ಳುತ್ತದೆ. ಕಾಲಿನಲ್ಲಿರುವುದೆಲ್ಲ ಬಾಯಿಗೆ ಬಂದ ಹಾಗೆಯೇ. ಬೆಳ್ಳಿ ಗೆಜ್ಜೆಯ ಒಂದೊಂದು ಗುಂಡೂ ಕಡಲೆಕಾಳಿನಷ್ಟಿರುತ್ತದೆ, ಅದನ್ನು ಹಿಡಿದಿರುವ ಬಳೆ ತಂತಿಯಷ್ಟು ತೆಳು, ಬೆಸುಗೆ ಬಿಟ್ಟರೆ ಗೊತ್ತೇ ಆಗುವುದಿಲ್ಲ. ಹೀಗೆ ಮಾಡಿ: ಶಾಸ್ತ್ರದ ದಿನ, ಹಬ್ಬದ ದಿನ ಹಾಕಿ, ಎತ್ತಿಕೊಂಡಿರುವಷ್ಟು ಹೊತ್ತು ಇರಲಿ, ಮಲಗಿಸುವ ಮುಂಚೆ ತೆಗೆದಿಡಿ. ದಿನಾ ಹಾಕಲೇಬೇಕೆಂದರೆ ಗೆಜ್ಜೆಯಿಲ್ಲದ ಗುಂಡನೆಯ ಬೆಳ್ಳಿ ಕಡಗ ಮಾಡಿಸಿ. ಅಕ್ಕಸಾಲಿಗರಿಗೆ ಹೇಳಿದರೆ ಅದೇ ಬೆಳ್ಳಿಯಲ್ಲಿ ಮಾಡಿಕೊಡುತ್ತಾರೆ. ಕುತ್ತಿಗೆಯ ಕರಿದಾರ, ತಾಯತದ ವಿಷಯದಲ್ಲಿ ಮಾತ್ರ ನನ್ನದು ಕಡ್ಡಿ ಮುರಿದ ಮಾತು: ಕುತ್ತಿಗೆಗೆ ಬೇಡ. ಎಲ್ಲಾದರೂ ಸಿಕ್ಕಿಕೊಂಡರೆ ಅದು ಉರುಳು. ತಾಯತವನ್ನು ತೊಟ್ಟಿಲಿರುವ ಕೋಣೆಯ ಬಾಗಿಲಿಗೆ ಕಟ್ಟಿದ ಅಜ್ಜಿಯರಿದ್ದಾರೆ, ಅವರಿಗೆ ನನ್ನ ನಮಸ್ಕಾರ.

ಚನ್ನಪಟ್ಟಣದ ಗಿಲಕಿಯನ್ನು ಬಟ್ಟೆಗೆ ಸಿಕ್ಕಿಸಬಹುದೇ? ಅದರ ಮೇಲೆ ಐಎಸ್‌ಐ ಗುರುತು ಇರುವುದಿಲ್ಲವಲ್ಲ?

ಮೊದಲು ಗುರುತಿನ ವಿಷಯ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಸಾಮಾನ್ಯ ಆಟಿಕೆಗೆ ಐಎಸ್ 9873, ಕರೆಂಟು ಅಥವಾ ಬ್ಯಾಟರಿಯದಕ್ಕೆ ಐಎಸ್ 15644 ಎಂಬ ಮಾನದಂಡಗಳಿವೆ. ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಅದನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಯಾರಿಗೆ ಕೊಟ್ಟ ಪರವಾನಗಿ, ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ಗೊಂಬೆ ಬಟ್ಟೆಯ ಜೊತೆ ಬಂದಿದೆ, ಹಾಗಾಗಿ ಗುರುತು ಬೇಡ ಎಂದು ಹೇಳುವವರಿದ್ದಾರೆ. ಕಳಚಿ ಕೈಗೆ ಬರುವ ಗಿಲಕಿ ಆಟಿಕೆಯೇ, ಗುರುತು ಕೇಳಿ.

ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೂ, ಭೌಗೋಳಿಕ ಗುರುತು (ಇದು ಇಂಥ ಊರಿನದೇ ಎಂಬ ಸರ್ಕಾರಿ ಮಾನ್ಯತೆ, ಜಿಐ ಟ್ಯಾಗ್) ಪಡೆದ ಆಟಿಕೆಗಳ ಅಧಿಕೃತ ತಯಾರಕರಿಗೂ ಈ ನಿಯಮದಿಂದ ವಿನಾಯಿತಿ ಇದೆ. ಚನ್ನಪಟ್ಟಣದ ಗೊಂಬೆಗಳು ಭೌಗೋಳಿಕ ಗುರುತಿನವು. ಆದ್ದರಿಂದ ಅಲ್ಲಿನ ಗಿಲಕಿಗೆ ಐಎಸ್‌ಐ ಇಲ್ಲವೆಂದ ಮಾತ್ರಕ್ಕೆ ಅದು ಕೆಟ್ಟದ್ದಲ್ಲ. ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ, ಕೊನೆಗೆ ಎಲೆಯಿಂದ ಒತ್ತಿ ಮಿರುಗು ತರುತ್ತಾರೆ. ನೋಡುತ್ತ ನಿಂತರೆ ಹೊತ್ತು ಹೋಗಿದ್ದು ತಿಳಿಯುವುದಿಲ್ಲ.

ಇಷ್ಟೆಲ್ಲ ಪ್ರೀತಿಯಿದ್ದರೂ ಮರದ ಗಿಲಕಿಯನ್ನು ಬಟ್ಟೆಗೆ ಸಿಕ್ಕಿಸುವುದು ನನಗೆ ಒಪ್ಪಿಗೆಯಿಲ್ಲ. ಅದು ಗಟ್ಟಿ, ಮುಖಕ್ಕೆ ಬಿದ್ದರೆ ಪೆಟ್ಟು. ಹಿಡಿಯಲು ಬಂದ ಮೇಲೆ ಕೈಗೆ ಕೊಡಿ. ಪೇಟೆಯಲ್ಲಿ ಅದೇ ಹೆಸರು ಹೇಳಿಕೊಂಡು ಪೇಂಟ್ ಬಳಿದ ಮರದ ಗೊಂಬೆಗಳೂ ಬರುತ್ತವೆ, ಮಾರುವವರನ್ನು ಎಲ್ಲಿಂದ ತಂದದ್ದು ಎಂದು ವಿಚಾರಿಸಿ.

ಬ್ಯಾಟರಿಯಲ್ಲಿ ಹಾಡು ಹೇಳುವ ಗೊಂಬೆ ಇರುವ ಜಬಲಾ ಉಡುಗೊರೆ ಬಂದಿದೆ.

ಜಬಲಾ ಇಟ್ಟುಕೊಳ್ಳಿ, ಗೊಂಬೆ ತೆಗೆದಿಡಿ. ಅದರೊಳಗಿನ ಗುಂಡಿಯಂಥ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗಿನ ಮಾಂಸ ಸುಟ್ಟು ಗಾಯವಾಗಬಹುದು. ಒಡೆಯಬೇಕೆಂದಿಲ್ಲ, ಸೋರಬೇಕೆಂದಿಲ್ಲ, ಎಂಜಲು ತಾಗಿದರೆ ಸಾಕು. ಸ್ಕ್ರೂ ಹಾಕಿ ಮುಚ್ಚಿದ ಪೆಟ್ಟಿಗೆಯಿದ್ದರೂ ಒಂದು ವರ್ಷದೊಳಗಿನ ಮಗುವಿನ ಮೈಮೇಲೆ ಬ್ಯಾಟರಿ ಬೇಡ ಎಂಬುದು ನನ್ನ ನಿಲುವು. ಹಾಡು ಕೇಳಬೇಕೆಂದರೆ ನೀವು ಹಾಡಿ. ಜೋಗುಳಕ್ಕೆ ರಾಗ ತಪ್ಪಿದರೂ ಕೂಸು ಮಲಗುತ್ತದೆ. ಇನ್ನೊಂದು ಕಾರಣವೂ ಉಂಟು: ಒಮ್ಮೆ ಒತ್ತಿದರೆ ಒಂದು ನಿಮಿಷ ತಾನೇ ಹಾಡಿಕೊಳ್ಳುವ ಗೊಂಬೆಯಿಂದ, ‘ನಾನು ಅಲುಗಿದ್ದಕ್ಕೆ ಸದ್ದಾಯಿತು’ ಎಂಬ ಮೇಲೆ ಹೇಳಿದ ಆಟವೇ ಹೋಗಿಬಿಡುತ್ತದೆ.

ಮಗು ಮಲಗುವಾಗ ಹಾಗೇ ಬಿಡಬಹುದೇ? ಎದ್ದರೆ ಗೊತ್ತಾಗಲಿ ಎಂದು.

ಬೇಡ. ಮಲಗಿಸುವಾಗ ಬಟ್ಟೆಗೆ ಏನೂ ತೂಗಬಾರದು, ತೊಟ್ಟಿಲಲ್ಲಿ ಮೆತ್ತನೆ ಗೊಂಬೆ, ದಿಂಬು ಇರಬಾರದು, ಮಗು ಅಂಗಾತ ಇರಬೇಕು. ಸೀರೆಯ ಜೋಲಿಯಲ್ಲಿ ಮಲಗಿಸುವವರು ಇನ್ನೂ ಎಚ್ಚರ ವಹಿಸಬೇಕು, ಬಟ್ಟೆ ಎರಡೂ ಕಡೆಯಿಂದ ಕೂಸಿನ ಮುಖಕ್ಕೆ ಬರುತ್ತದೆ, ಗೊಂಬೆಯೂ ಸೇರಿದರೆ ಉಸಿರಾಡಲು ಜಾಗ ಉಳಿಯುವುದಿಲ್ಲ. ತೆಗೆದ ಗೊಂಬೆಯನ್ನು ತೊಟ್ಟಿಲ ಹಗ್ಗಕ್ಕೆ ಸಿಕ್ಕಿಸುವ ಅಭ್ಯಾಸವೂ ಸರಿಯಲ್ಲ. ಕಾರಿನಲ್ಲಿ ಹೋಗುವಾಗಲೂ ತೆಗೆಯಿರಿ.

ಕಾಲುಚೀಲದ ಗಿಲಕಿಯಲ್ಲಿ ವಿಶೇಷವಾಗಿ ನೋಡಬೇಕಾದ್ದು ಏನು?

ಒಳಮುಖ. ದಯವಿಟ್ಟು ಪ್ರತಿ ಸಲ ಕಾಲುಚೀಲವನ್ನು ಮಗುಚಿ ನೋಡಿ. ಗೊಂಬೆಯ ಕಸೂತಿಯ ನೂಲುಗಳು ಒಳಗಡೆ ಜಾಲದಂತೆ ಉಳಿದಿರುತ್ತವೆ. ಅದರಲ್ಲಿ ಒಂದೆಳೆ, ಇಲ್ಲವೇ ತಾಯಿಯ ಉದುರಿದ ತಲೆಗೂದಲು, ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತದೋಟ ನಿಂತು ಬೆರಳು ಊದಿ ಕೆಂಪಾಗುತ್ತದೆ, ಬಿಗಿಯುತ್ತ ಹೋದರೆ ನೀಲಿಯಾಗುತ್ತದೆ. ಹೆರಿಗೆಯಾದ ಮೇಲಿನ ತಿಂಗಳುಗಳಲ್ಲಿ ಕೂದಲು ಹೆಚ್ಚು ಉದುರುವುದರಿಂದ ಇದು ಅಪರೂಪವೇನಲ್ಲ. ಹಸಿವಿಲ್ಲ, ಒದ್ದೆಯಿಲ್ಲ, ಆದರೂ ಮಗು ಒಂದೇ ಸಮ ಅಳುತ್ತಿದ್ದರೆ ಕಾಲುಚೀಲ, ಕೈಗವಸು ಬಿಚ್ಚಿ ಒಂದೊಂದು ಬೆರಳನ್ನೂ ನೋಡಿ. ನೂಲು ಮಾಂಸದೊಳಗೆ ಹೂತಿದ್ದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ನಾನು ಹೊಲಿಯುವಾಗ ಒಳಮುಖಕ್ಕೆ ತೆಳು ಹತ್ತಿ ಬಟ್ಟೆಯ ಅಸ್ತರಿ ಕೊಡುತ್ತೇನೆ. ಕೊಳ್ಳುವಾಗ ನೀವೂ ಅದನ್ನೇ ಹುಡುಕಿ.

ಒಗೆಯುವುದು ಹೇಗೆ?

ಗೊಂಬೆ ಬೇರೆ, ಬಟ್ಟೆ ಬೇರೆ. ಬಟ್ಟೆಯನ್ನು ಎಂದಿನಂತೆ ಒಗೆಯಿರಿ, ಟಿಚ್ ಬಟನ್ ಮುಚ್ಚಿದ್ದರೆ ಯಂತ್ರದಲ್ಲಿ ಬೇರೆ ಬಟ್ಟೆ ಎಳೆಯುವುದಿಲ್ಲ. ಗೊಂಬೆಯನ್ನು ಬಕೆಟ್ಟಿನಲ್ಲಿ ನೆನೆಹಾಕಬೇಡಿ. ಒದ್ದೆ ಬಟ್ಟೆಗೆ ತುಸು ಸೋಪು ಹಚ್ಚಿ ಒರೆಸಿ, ಮತ್ತೆ ಬರೀ ನೀರಿನ ಬಟ್ಟೆಯಿಂದ ಒರೆಸಿ, ಗಾಳಿಗೆ ಒಣಗಿಸಿ. ಪೀಪಿಯೊಳಗೆ ನೀರು ಹೋದರೆ ಬೂಷ್ಟು ಹಿಡಿಯುತ್ತದೆ, ಗೆಜ್ಜೆಯೊಳಗಿನ ಕಬ್ಬಿಣದ ಗುಂಡು ತುಕ್ಕು ಹಿಡಿದು ಕಂದು ನೀರು ಬಿಡುತ್ತದೆ. ಜೊಲ್ಲು ಸುರಿಸುವ ಮಗುವಿನ ಗೊಂಬೆಯನ್ನು ದಿನಾ ಒರೆಸಬೇಕು. ಮಳೆಗಾಲದಲ್ಲಿ ಎರಡು ಇಟ್ಟುಕೊಂಡರೆ ಅನುಕೂಲ.

ಗಿಲಕಿಯ ಸದ್ದಿಗೆ ಮಗು ತಿರುಗುತ್ತದೆ. ಅಂದರೆ ಕಿವಿ ಚೆನ್ನಾಗಿದೆ ಎಂದಲ್ಲವೇ?

ಹಾಗೆಂದು ಬಿಟ್ಟುಬಿಡಬೇಡಿ. ಮಗು ಗಿಲಕಿಯನ್ನು ಕಣ್ಣಿನಿಂದ ನೋಡಿ ತಿರುಗಿರಬಹುದು, ಗಾಳಿಯ ಅಲುಗಾಟಕ್ಕೆ ತಿರುಗಿರಬಹುದು. ಒಂದು ಕಿವಿ ಮಾತ್ರ ಕೇಳುತ್ತಿದ್ದರೂ, ಕೀರಲು ದನಿ ಕೇಳಿ ಮಾತಿನ ಮೆಲುದನಿ ಕೇಳದಿದ್ದರೂ ಮನೆಯಲ್ಲಿ ಪತ್ತೆಯಾಗುವುದಿಲ್ಲ. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಅದರಲ್ಲಿ ಸಂಶಯ ಬಂದರೆ ಮೂರು ತಿಂಗಳೊಳಗೆ ಪೂರ್ತಿ ಪರೀಕ್ಷೆ, ದೋಷವಿದ್ದರೆ ಆರು ತಿಂಗಳೊಳಗೆ ಚಿಕಿತ್ಸೆ ಶುರು. ವೈದ್ಯರು ಪಾಲಿಸುವ ಕ್ರಮ ಇದು. ತಪಾಸಣೆಗೆ ಸೂಜಿ ಇಲ್ಲ, ನೋವಿಲ್ಲ. ಮಗು ಮಲಗಿರುವಾಗಲೇ ಕಿವಿಗೆ ಮೆತ್ತನೆಯ ತುದಿಯೊಂದನ್ನು ಇಟ್ಟು ಕೆಲವು ನಿಮಿಷಗಳಲ್ಲಿ ಮುಗಿಸುತ್ತಾರೆ. ಹೆರಿಗೆಯಾದ ಆಸ್ಪತ್ರೆಯಲ್ಲಿ ಕೇಳಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ಕೆಲಸಕ್ಕೆಂದೇ ಇರುವ ಸರ್ಕಾರಿ ಸಂಸ್ಥೆ.

ಕಿವಿ ಕೇಳದ ಮಗುವಿಗೂ ಈ ಬಟ್ಟೆ ಹೊಲಿದುಕೊಡುತ್ತೀರಾ ಎಂದು ಕೇಳಿದ ತಾಯಂದಿರಿದ್ದಾರೆ. ಖಂಡಿತ. ಗಾಢ ಕಪ್ಪು ಬಿಳುಪು ಪಟ್ಟೆ, ಕೈಗೆ ಬೇರೆ ಬೇರೆಯಾಗಿ ತಾಗುವ ಬಟ್ಟೆ, ಅಲುಗಿದಾಗ ಒಳಗಿನ ಗುಂಡು ಉರುಳುವ ಅನುಭವ ಆ ಮಗುವಿಗೂ ಸೇರುತ್ತದೆ.

ನಡೆಯುವ ಮಗುವಿಗೆ ಪೀಂ ಪೀಂ ಶೂ?

ಬೆರಳಿನಲ್ಲಿ ಅದುಮಿದರೆ ಹಿಮ್ಮಡಿಯ ಸೀಟಿ ಈಚೆ ಬರುವಂತಿದ್ದರೆ ಕೊಳ್ಳಲೇಬೇಡಿ. ಮನೆಯೊಳಗೆ ಬರಿಗಾಲೇ ಒಳ್ಳೆಯದು.

ಗೊಂಬೆಯ ಚೂರು ಗಂಟಲಿಗೆ ಸಿಕ್ಕಿದರೆ ಏನು ಮಾಡಬೇಕು?

ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಕೆಮ್ಮಲು ಬಿಡಿ, ಪಕ್ಕದಲ್ಲೇ ಇರಿ. ಸದ್ದೇ ಬರದಿದ್ದರೆ, ಉಸಿರು ಕಟ್ಟಿದ್ದರೆ, ಒಬ್ಬರು 108ಕ್ಕೆ ಫೋನ್ ಮಾಡಲಿ. ಒಂದು ವರ್ಷದೊಳಗಿನ ಮಗುವನ್ನು ನಿಮ್ಮ ಮುಂದೋಳಿನ ಮೇಲೆ ಬೋರಲು ಮಲಗಿಸಿ, ದವಡೆಯನ್ನು ಕೈಯಲ್ಲಿ ಹಿಡಿದು, ತಲೆ ಎದೆಗಿಂತ ಕೆಳಗಿರುವಂತೆ ಮಾಡಿ. ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಗಟ್ಟಿಯಾಗಿ ತಟ್ಟಿ. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಸಲ ಒತ್ತಿ. ವಸ್ತು ಬರುವವರೆಗೆ ಇಲ್ಲವೇ ಸಹಾಯ ಸಿಗುವವರೆಗೆ ಇವೆರಡನ್ನೂ ಮಾಡುತ್ತಿರಿ. ಮಗು ಪ್ರಜ್ಞೆ ತಪ್ಪಿದರೆ 108ರವರು ಫೋನಿನಲ್ಲೇ ಹೇಳುವಂತೆ ಮುಂದುವರಿಸಿ. ವಸ್ತು ಕಣ್ಣಿಗೆ ಕಾಣದಿದ್ದರೆ ಬಾಯಿಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಕಾಲು ಹಿಡಿದು ತಲೆಕೆಳಗೆ ಮಾಡಬೇಡಿ. ಬ್ಯಾಟರಿ ನುಂಗಿದ ಸಂಶಯವಿದ್ದರೆ ವಾಂತಿ ಮಾಡಿಸದೆ, ತಿನ್ನಲು ಕುಡಿಯಲು ಏನೂ ಕೊಡದೆ, ಸೀದಾ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ಇದನ್ನು ಓದಿ ಕಲಿಯುವುದಕ್ಕಿಂತ ಒಮ್ಮೆ ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಕೈಯಲ್ಲಿ ಮಾಡಿಸಿಕೊಂಡು ಕಲಿತರೆ ಮೇಲು. ಮಗುವನ್ನು ನೋಡಿಕೊಳ್ಳುವ ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಹೋಗಿ.

ಅಕ್ಕನ ಮಗು ಹಾಕಿಬಿಟ್ಟ ಬಟ್ಟೆ ನಮ್ಮ ಕೂಸಿಗೆ ಹಾಕಬಹುದೇ?

ಧಾರಾಳವಾಗಿ. ಹಳೆಯ ಹತ್ತಿ ಬಟ್ಟೆ ಮೆತ್ತಗಾಗಿರುತ್ತದೆ, ನಾಲ್ಕು ಸಲ ಒಗೆದದ್ದು ಹೊಸದಕ್ಕಿಂತ ಮೈಗೆ ಹಿತ. ಆದರೆ ಜಬಲಾ ಹಾಗೇ ಇಸಿದುಕೊಂಡರೂ ಗೊಂಬೆಯನ್ನು ಮಾತ್ರ ಮತ್ತೆ ಪರೀಕ್ಷಿಸಿ. ಹೊಲಿಗೆಗಳನ್ನು ಉಗುರಿನಿಂದ ತುಸು ಅಗಲಿಸಿ ನೋಡಿ, ಒಳಗಿನ ಡಬ್ಬಿ ಬಿರುಕು ಬಿಟ್ಟಿದ್ದರೆ ಸದ್ದು ಬದಲಾಗಿರುತ್ತದೆ, ಹಿಚುಕಿದರೆ ಚೂರುಗಳು ಕೈಗೆ ತಾಗುತ್ತವೆ. ಟಿಚ್ ಬಟನ್ ಎರಡು ಬೆರಳಿಗೆ ಸಲೀಸಾಗಿ ಬಿಟ್ಟುಕೊಂಡರೆ ಟೇಲರ್ ಹತ್ತಿರ ಹೊಸದು ಹಾಕಿಸಿ. ಗೊಂಬೆ ಹೋದರೂ ಬಟ್ಟೆಯ ಕುಣಿಕೆಯನ್ನು ಹಾಗೇ ತೂಗಬಿಡಬೇಡಿ, ಬೆರಳು ಸಿಕ್ಕಿಕೊಳ್ಳುತ್ತದೆ. ಬ್ಲೇಡಿನಿಂದ ಹೊಲಿಗೆ ಬಿಚ್ಚಿ, ಆ ಜಾಗಕ್ಕೆ ಒಂದು ಎಲೆಯನ್ನೋ ಹೂವನ್ನೋ ಕಸೂತಿ ಮಾಡಿಬಿಡಿ.